ಸೊಲ್ಲಾಪುರ, ಅಕ್ಕಲಕೋಟೆ: ಸಿಟ್ಟು ಉಗ್ರವಾದವಾಗುವ ದಾರಿ

1931ರ ಜನವರಿ 12ರಂದು ಪುಣೆಯ ಯರವಡಾ ಜೈಲಿನಲ್ಲಿ ಸೊಲ್ಲಾಪುರದ ನಾಲ್ವರನ್ನು ಗಲ್ಲಿಗೇರಿಸಲಾಯಿತು. ಮಲ್ಲಪ್ಪ ಧನಶೆಟ್ಟಿ, ಜಗನ್ನಾಥ ಶಿಂಧೆ, ಶ್ರೀಕೃಷ್ಣ ಸಾರಡಾ ಮತ್ತು ಅಬ್ದುಲ್ ರಸೂಲ್ ಕುರ್ಬಾನ್ ಹುಸೇನ್. ಒಬ್ಬರು ಲಿಂಗಾಯತ, ಒಬ್ಬರು ಮರಾಠ, ಒಬ್ಬರು ಮಾರವಾಡಿ, ಒಬ್ಬರು ಮುಸ್ಲಿಂ. ಬ್ರಿಟಿಷ್ ಸರಕಾರದ ಕಡತದಲ್ಲಿ ಇವರು ಪೊಲೀಸರನ್ನು ಕೊಂದ ಗಲಭೆಕೋರರು. ಊರಿನವರಿಗೆ ಹುತಾತ್ಮರು. ಇವತ್ತು ಸೊಲ್ಲಾಪುರದ ನಡುಮಧ್ಯೆ ನಾಲ್ವರ ಪ್ರತಿಮೆಗಳಿವೆ, ಆ ಜಾಗಕ್ಕೆ ಹುತಾತ್ಮ ಚೌಕ ಅಂತಲೇ ಹೆಸರು.

ಇದಾಗಿ ಹದಿನೇಳು ವರ್ಷಕ್ಕೆ, 1948ರಲ್ಲಿ, ಅದೇ ಸೊಲ್ಲಾಪುರದ ಪೂರ್ವಕ್ಕೆ, ಅಕ್ಕಲಕೋಟೆ ದಾಟಿದರೆ ಸಿಗುವ ನಿಜಾಮನ ಗಡಿಯೊಳಗೆ ಮತ್ತೊಂದು ಗುಂಪಿನ ಯುವಕರು ಕೈಯಲ್ಲಿ ಬಂದೂಕು, ಭರ್ಚಿ ಹಿಡಿದು ಓಡಾಡುತ್ತಿದ್ದರು. ಅವರ ಹೆಸರು ರಜಾಕಾರರು. ಅವರಿಗೆ ಯಾರೂ ಪ್ರತಿಮೆ ಕಟ್ಟಿಸಲಿಲ್ಲ, ಕಟ್ಟಿಸುವಂಥದ್ದೂ ಅಲ್ಲ. ಆದರೆ ಅವರು ಮಾಡಿದ್ದಕ್ಕೆ ಬೆಲೆ ತೆತ್ತವರಲ್ಲಿ ರಜಾಕಾರರ ಮುಖವನ್ನೇ ನೋಡದ ಸಾವಿರಾರು ಬಡ ಮುಸ್ಲಿಮರಿದ್ದರು.

ಸಾಮಾನ್ಯ ಮನೆಯ ಹುಡುಗ ಹೇಗೆ ಈ ದಾರಿಗೆ ಬೀಳುತ್ತಾನೆ? ಬಡತನವೇ, ಧರ್ಮವೇ, ಅವಮಾನವೇ, ಪೊಲೀಸ್ ಲಾಠಿಯೇ? ಟಿವಿ ಚರ್ಚೆಗಳಲ್ಲಿ ಇದಕ್ಕೆ ಅರ್ಧ ನಿಮಿಷದಲ್ಲಿ ಉತ್ತರ ಸಿಗುತ್ತದೆ. ಸೊಲ್ಲಾಪುರ-ಅಕ್ಕಲಕೋಟೆಯ ಚರಿತ್ರೆ ನೋಡಿದರೆ ಉತ್ತರ ಅಷ್ಟು ಸಲೀಸಲ್ಲ.

ಪದದ ಜಗಳ

ಮೊದಲು ಪದಗಳ ವಿಷಯ. ಉಗ್ರವಾದ ಬೇರೆ, ಭಯೋತ್ಪಾದನೆ ಬೇರೆ. ಇರುವ ವ್ಯವಸ್ಥೆ ಬುಡಸಮೇತ ಬದಲಾಗಬೇಕು ಎಂದು ನಂಬುವವನು ತೀವ್ರಗಾಮಿ ಇರಬಹುದು, ಆದರೆ ಅವನು ಒಂದು ಇರುವೆಯನ್ನೂ ಕೊಲ್ಲದೆ ಜೀವನ ಮುಗಿಸಬಹುದು. ರಾಜಕೀಯ ಉದ್ದೇಶಕ್ಕಾಗಿ ಜನಸಾಮಾನ್ಯರ ಮೇಲೆ ಹಿಂಸೆ ನಡೆಸಿ ಉಳಿದವರನ್ನು ಹೆದರಿಸುವುದು ಭಯೋತ್ಪಾದನೆ. ಇಷ್ಟು ಹೇಳಲಿಕ್ಕೆ ಸುಲಭ. ಎಲ್ಲ ದೇಶಗಳೂ ಒಪ್ಪಿದ ಒಂದೇ ವ್ಯಾಖ್ಯೆ ಮಾತ್ರ ವಿಶ್ವಸಂಸ್ಥೆಯಲ್ಲಿ ಇವತ್ತಿಗೂ ಆಗಿಲ್ಲ. ಒಬ್ಬರ ಭಯೋತ್ಪಾದಕ ಇನ್ನೊಬ್ಬರ ಸ್ವಾತಂತ್ರ್ಯ ಹೋರಾಟಗಾರ ಆಗುವಲ್ಲಿಗೆ ಮಾತುಕತೆ ಪ್ರತಿಸಲವೂ ನಿಂತುಬಿಡುತ್ತದೆ. ಭಾರತದಲ್ಲಿ 1967ರ ಯುಎಪಿಎ ಕಾಯ್ದೆಗೆ ‘ಭಯೋತ್ಪಾದಕ ಕೃತ್ಯ’ ಎಂಬುದು ಸೇರಿದ್ದು 2004ರ ತಿದ್ದುಪಡಿಯಲ್ಲಿ, ಪೋಟಾ ರದ್ದಾದ ಮೇಲೆ. ಅದಕ್ಕೂ ಹಿಂದೆ 1985ರಿಂದ 1995ರ ತನಕ ಟಾಡಾ ಇತ್ತು.

ಪದ ಯಾರ ಬಾಯಿಂದ ಬರುತ್ತದೆ ಎಂಬುದೂ ಮುಖ್ಯ. ಸೊಲ್ಲಾಪುರದಲ್ಲೇ ಇದಕ್ಕೊಂದು ಹಳೆಯ ಉದಾಹರಣೆ ಇದೆ. 1871ರ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆಯಡಿ ಬ್ರಿಟಿಷರು ಕೆಲವು ಜಾತಿಗಳನ್ನು ಹುಟ್ಟಾ ಅಪರಾಧಿಗಳು ಎಂದು ಪಟ್ಟಿ ಮಾಡಿದರು. ಸೊಲ್ಲಾಪುರದಲ್ಲಿ ಅಂಥವರಿಗಾಗಿ ಮುಳ್ಳುತಂತಿ ಬೇಲಿಯ ಸೆಟ್ಲ್‌ಮೆಂಟ್ ಕಟ್ಟಿದರು. ಕೈಕಾಡಿ, ಪಾರಧಿ ಮುಂತಾದ ಕುಟುಂಬಗಳನ್ನು ಅದರೊಳಗೆ ಇಟ್ಟು, ಹಾಜರಿ ತೆಗೆದುಕೊಂಡು, ಗಿರಣಿಗಳಿಗೆ ಕೂಲಿಗೆ ಕಳಿಸುತ್ತಿದ್ದರು. ತೊಟ್ಟಿಲ ಮಗುವೂ ಪಟ್ಟಿಯಲ್ಲಿ ಅಪರಾಧಿಯೇ. ಸ್ವಾತಂತ್ರ್ಯ ಬಂದು ಐದು ವರ್ಷದ ನಂತರ, 1952ರಲ್ಲಿ, ಆ ಕಾಯ್ದೆ ಹೋಯಿತು. ಇಡೀ ಸಮುದಾಯಕ್ಕೆ ಒಂದು ಹಣೆಪಟ್ಟಿ ಅಂಟಿಸುವ ಚಾಳಿ ಹೊಸದಲ್ಲ ಅಂತ ಹೇಳಲಿಕ್ಕೆ ಇಷ್ಟು ಸಾಕು.

ಗಿರಣಿ ಊರು

ಸೊಲ್ಲಾಪುರ ಆಗ ಬಾಂಬೆ ಪ್ರಾಂತ್ಯದ ದೊಡ್ಡ ಜವಳಿ ಊರುಗಳಲ್ಲೊಂದು. 1870ರ ದಶಕದಲ್ಲಿ ಮೊದಲ ಬಟ್ಟೆ ಗಿರಣಿ ಬಂತು. ಜನ ಅದನ್ನು ಈಗಲೂ ‘ಜುನಿ ಮಿಲ್’, ಅಂದರೆ ಹಳೇ ಮಿಲ್ಲು ಎಂದೇ ಕರೆಯುತ್ತಾರೆ. ಆಮೇಲೆ ನರಸಿಂಗ ಗಿರ್ಜಿ, ಲಕ್ಷ್ಮಿ, ವಿಷ್ಣು ಗಿರಣಿಗಳು ಬಂದವು. ತೆಲಂಗಾಣ ಕಡೆಯಿಂದ ಪದ್ಮಶಾಲಿ ನೇಕಾರರು ಬಂದು ಕೈಮಗ್ಗ ಹಾಕಿದರು. ಸುತ್ತಲಿನ ಬರಗಾಲದ ಹಳ್ಳಿಗಳಿಂದ ಕೂಲಿಗಳು ಬಂದರು. ಪೇಟೆಯಲ್ಲಿ ಕನ್ನಡದ ಲಿಂಗಾಯತ ವರ್ತಕರು, ಮಾರವಾಡಿಗಳು, ಉರ್ದು ಮತ್ತು ಮರಾಠಿ ಮಾತಾಡುವ ಮುಸ್ಲಿಮರು. ಒಂದು ಓಣಿ ದಾಟುವಷ್ಟರಲ್ಲಿ ನಾಲ್ಕು ಭಾಷೆ ಕಿವಿಗೆ ಬೀಳುವ ಊರು. ಪಕ್ಕದ ಅಕ್ಕಲಕೋಟೆ ಹೆಚ್ಚುಪಾಲು ಕನ್ನಡ ಹಳ್ಳಿಗಳ ಸೀಮೆ, ಆಗ ಭೋಸಲೆ ಮನೆತನದ ಪುಟ್ಟ ಸಂಸ್ಥಾನ. 1948ರಲ್ಲಿ ಅದು ಬಾಂಬೆ ಪ್ರಾಂತ್ಯದಲ್ಲಿ ವಿಲೀನವಾಯಿತು. 1967ರ ಮಹಾಜನ ಆಯೋಗ ಕರ್ನಾಟಕಕ್ಕೆ ಸೇರಿಸಿ ಎಂದು ಹೇಳಿದ ಪ್ರದೇಶಗಳಲ್ಲಿ ಅಕ್ಕಲಕೋಟೆಯೂ ಒಂದು. ಅದು ಬೇರೆಯೇ ಕಥೆ.

1930ರ ಮೇ 5ರ ನಡುರಾತ್ರಿ ಗಾಂಧೀಜಿ ಬಂಧನವಾಯಿತು. ಸುದ್ದಿ ತಲುಪಿದ ಕೂಡಲೇ ಸೊಲ್ಲಾಪುರದಲ್ಲಿ ಅಂಗಡಿ ಮುಚ್ಚಿದವು, ಗಿರಣಿ ಕಾರ್ಮಿಕರು ಕೆಲಸ ಬಿಟ್ಟು ಹೊರಬಂದರು. ಊರಲ್ಲಿ ಕಾಂಗ್ರೆಸ್ ಇತ್ತು, ಯುವಕ ಸಂಘ ಇತ್ತು, ಕಾರ್ಮಿಕರ ಸಂಘಟನೆ ಇತ್ತು. ಇಪ್ಪತ್ತರ ಹರೆಯದ ಕುರ್ಬಾನ್ ಹುಸೇನ್ ಕಾರ್ಮಿಕರ ನಡುವೆ ಕೆಲಸ ಮಾಡುತ್ತಾ ‘ಗಝನ್ಫರ್’ ಎಂಬ ಪತ್ರಿಕೆ ನಡೆಸುತ್ತಿದ್ದರು. ಅವರ ಜತೆಗಾರರು ಮಾತ್ರ ಯಾವ ಒಂದು ಸಮುದಾಯದವರೂ ಅಲ್ಲ. ಒಂದೇ ಗಿರಣಿಯ ಭೋಂಗಾ ಕೇಳಿ ಏಳುವವರು, ಒಂದೇ ಸಭೆಗೆ ಬರುವವರು.

ಮೇ 8ರಂದು ಊರ ಹೊರಗಿನ ರೂಪಾಭವಾನಿ ಕಡೆ ಜನ ಈಚಲು ಮರ ಕಡಿಯಲು ಹೊರಟರು. ಸೇಂದಿಯ ತೆರಿಗೆ ಸರಕಾರದ ಬೊಕ್ಕಸಕ್ಕೆ ಹೋಗುತ್ತದೆ, ಆದ್ದರಿಂದ ಮರ ಕಡಿಯುವುದೂ ಸತ್ಯಾಗ್ರಹ ಎಂಬ ಲೆಕ್ಕ. ಪೊಲೀಸರು ಕೆಲವರನ್ನು ಹಿಡಿದರು. ಬಿಡಿ ಎಂದು ಜನ ಮುತ್ತಿದರು. ಕಲೆಕ್ಟರ್ ನೈಟ್ ಸ್ಥಳಕ್ಕೆ ಬಂದರು. ಗುಂಪನ್ನು ಸಮಾಧಾನ ಮಾಡಿ ಕಲೆಕ್ಟರರನ್ನು ಉಳಿಸಲು ಮಲ್ಲಪ್ಪ ಧನಶೆಟ್ಟಿ ಮುಂದೆ ಬಂದಿದ್ದರು ಎಂದು ಊರಿನ ನೆನಪು ಹೇಳುತ್ತದೆ. ಅಷ್ಟರಲ್ಲಿ ಗೋಲಿಬಾರ್ ಆಯಿತು. ಶಂಕರ ಶಿವದಾರೆ ಎಂಬ ಯುವಕ ಮೊದಲು ಬಿದ್ದ.

ಅಲ್ಲಿಂದ ಮುಂದೆ ಏನು ಆಯಿತೋ ಅದು ಸತ್ಯಾಗ್ರಹವಲ್ಲ. ಹೆಣ ನೋಡಿದ ಗುಂಪು ಪೊಲೀಸ್ ಚೌಕಿಗೆ, ಕೋರ್ಟ್ ಕಟ್ಟಡಕ್ಕೆ ಬೆಂಕಿಯಿಟ್ಟಿತು. ಕೈಗೆ ಸಿಕ್ಕ ಪೊಲೀಸರನ್ನು ಕೊಂದಿತು. ಸತ್ತವರು ಮೇಲಿನಿಂದ ಬಂದ ಆರ್ಡರಿಗೆ ನಿಂತ ಪೇದೆಗಳು, ಅವರಿಗೂ ಮನೆಮಠ ಇದ್ದೀತು. ಹುತಾತ್ಮ ಕಥನದಲ್ಲಿ ಈ ಭಾಗವನ್ನು ಬೇಗ ದಾಟಿ ಹೋಗುವುದೇ ವಾಡಿಕೆ. ಆದರೆ ಶಿಸ್ತಿನ ಚಳವಳಿ ಎಷ್ಟು ಹೊತ್ತಲ್ಲಿ ಗುಂಪು ಕೊಲೆಯಾಗಿ ಬದಲಾಗುತ್ತದೆ ಎಂದು ತಿಳಿಯಬೇಕಾದರೆ ಇಲ್ಲಿಯೇ ನಿಂತು ನೋಡಬೇಕು. ಬೆಳಗ್ಗೆ ಮರ ಕಡಿಯಲು ಹೊರಟವರ ತಲೆಯಲ್ಲಿ ಕೊಲೆಯ ಯೋಚನೆ ಇದ್ದಂತಿಲ್ಲ. ನಡುವೆ ಇದ್ದದ್ದು ಬಂಧನ, ಗುಂಡು, ಹೆಣ.

ಪೊಲೀಸರು ಊರು ಬಿಟ್ಟರು. ಕೆಲವು ದಿನ ಸೊಲ್ಲಾಪುರದಲ್ಲಿ ಬ್ರಿಟಿಷ್ ಆಡಳಿತವೇ ಇರಲಿಲ್ಲ. ಕಾಂಗ್ರೆಸ್ ಸ್ವಯಂಸೇವಕರು ಬೀದಿಯಲ್ಲಿ ನಿಂತು ಸಂಚಾರ ನೋಡಿಕೊಂಡರು, ರಾತ್ರಿ ಗಸ್ತು ಹೊಡೆದರು. ಇಡೀ ದೇಶದಲ್ಲಿ ಉಪ್ಪಿನ ಚಳವಳಿಯ ಹೊತ್ತಿನಲ್ಲಿ ಇಂಥದ್ದು ನಡೆದದ್ದು ಬೆರಳೆಣಿಕೆಯ ಕಡೆ. ಮೇ 12ರಂದು ಮಾರ್ಷಲ್ ಲಾ ಜಾರಿಯಾಯಿತು, ಜೂನ್ 30ರ ತನಕ ಇತ್ತು. ಒಂಬತ್ತು ವರ್ಷ ಹಿಂದೆ ಮಲಬಾರಿನ ಮಾಪಿಳ್ಳೆ ದಂಗೆಯಲ್ಲಿ ಇದೇ ಅಸ್ತ್ರ ಪ್ರಯೋಗವಾಗಿತ್ತು. ಗೂಡ್ಸ್ ವ್ಯಾಗನಿನೊಳಗೆ ತುಂಬಿದ ಕೈದಿಗಳು ಉಸಿರುಗಟ್ಟಿ ಸತ್ತ ಆ ಕಾಲದ ನೆನಪು ಕರಾವಳಿಯ ಹಿರಿಯರಿಗೆ ಗೊತ್ತಿರುವಂಥದ್ದೇ. ಸೊಲ್ಲಾಪುರದಲ್ಲಿ ಸೈನಿಕರು ಗಾಂಧಿ ಟೋಪಿ ಕೀಳಿಸಿದರು, ಕಾಂಗ್ರೆಸ್ ಬಾವುಟ ಹಿಡಿದವರಿಗೆ ಕಠಿಣ ಸಜೆಯಾಯಿತು. ಬಟ್ಟೆಯ ಟೋಪಿಯೊಂದು ಅಪರಾಧದ ಸಾಕ್ಷಿಯಾಯಿತು.

ಪೊಲೀಸರ ಕೊಲೆಯ ಮೊಕದ್ದಮೆಯಲ್ಲಿ ಈ ನಾಲ್ವರಿಗೆ ಮರಣದಂಡನೆಯಾಯಿತು. ಹೈಕೋರ್ಟಿನ ಅಪೀಲಿನಲ್ಲೂ ಉಳಿಯಲಿಲ್ಲ. ಕೊಂದವರು ಯಾರೆಂದು ಗುಂಪಿನಲ್ಲಿ ಗೊತ್ತಾಗದೆ, ಗುರುತು ಸಿಗುವ ಮುಂದಾಳುಗಳನ್ನೇ ಹಿಡಿದು ಗಲ್ಲಿಗೇರಿಸಿದರು ಎಂಬುದು ಸೊಲ್ಲಾಪುರದವರ ನಂಬಿಕೆ. ಗಲ್ಲಿಗೆ ಹಾಕಿದ್ದು ಸಂಕ್ರಾಂತಿಯ ಸಿದ್ಧರಾಮೇಶ್ವರ ಜಾತ್ರೆ ಇನ್ನೇನು ಶುರುವಾಗುವ ಹೊತ್ತಿಗೆ.

ಗಡಿಯಾಚೆಯ ಸಮವಸ್ತ್ರ

ಇನ್ನು 1948. ಸೊಲ್ಲಾಪುರದಿಂದ ರೈಲು ಹತ್ತಿದರೆ ಅಕ್ಕಲಕೋಟೆ ರೋಡ್, ದುಧನಿ, ಆಮೇಲೆ ಗಾಣಗಾಪುರ ರೋಡ್, ಕಲಬುರಗಿ. ಆಗ ದುಧನಿ ದಾಟಿದರೆ ನಿಜಾಮನ ರಾಜ್ಯ. ಒಂದೇ ಭಾಷೆ, ಒಂದೇ ಜೋಳದ ಹೊಲ, ಬೀಗತನ ಆಚೆಗೂ ಈಚೆಗೂ. ನಡುವೆ ಮಾತ್ರ ಕರೋಡಗಿರಿ ನಾಕೆ.

ಹೈದರಾಬಾದ್ ಸಂಸ್ಥಾನದಲ್ಲಿ ಹಿಂದೂಗಳೇ ಬಹುಸಂಖ್ಯಾತರು, ಮುಸ್ಲಿಮರು ನೂರಕ್ಕೆ ಹನ್ನೆರಡು ಹದಿಮೂರು. ಆಡಳಿತದ ಭಾಷೆ ಉರ್ದು. ಸರಕಾರಿ ನೌಕರಿ, ಪೊಲೀಸ್, ಸೈನ್ಯದಲ್ಲಿ ಮುಸ್ಲಿಮರೇ ಹೆಚ್ಚು. ಹಾಗಂತ ಆ ರಾಜ್ಯದ ಮುಸ್ಲಿಮರೆಲ್ಲ ಜಾಗೀರದಾರರು ಎಂದಲ್ಲ. ಟಾಂಗಾ ಹೊಡೆಯುವವರು, ಪಿಂಜಾರರು, ನೇಕಾರರು, ಕೂಲಿಗಳು, ಕಚೇರಿ ಜವಾನರೇ ಬಹುಪಾಲು. 1927ರಲ್ಲಿ ಹುಟ್ಟಿದ ಮಜ್ಲಿಸ್ ಇತ್ತೆಹಾದುಲ್ ಮುಸ್ಲಿಮೀನ್ ಆ ಬಡವನಿಗೂ ಒಂದು ಮಾತು ಕೊಟ್ಟಿತು: ‘ಅನಲ್ ಮಲಿಕ್’. ನಾನೇ ಅರಸ ಎಂದರ್ಥ. ನಿಜಾಮ ಬರೀ ಸಂಕೇತ, ಆಳ್ವಿಕೆ ನಿಜವಾಗಿ ಪ್ರತಿಯೊಬ್ಬ ಮುಸ್ಲಿಮನದು ಎಂಬ ಸಿದ್ಧಾಂತ. ಹೊಟ್ಟೆಗೆ ಹಿಟ್ಟಿಲ್ಲದವನಿಗೂ ತಲೆಯ ಮೇಲೆ ಕಿರೀಟ. ಇದರ ಮತ್ತು ಎಷ್ಟೆಂದು ಯೋಚಿಸಿದರೆ ಮುಂದಿನದು ಅರ್ಥವಾಗುತ್ತದೆ.

1944ರಲ್ಲಿ ಬಹಾದೂರ್ ಯಾರ್ ಜಂಗ್ ತೀರಿಹೋದರು. ಒಳ್ಳೆಯ ಮಾತುಗಾರ, ಆದರೂ ಒಂದು ಹದ ಇದ್ದವರು. 1946ರಲ್ಲಿ ಲಾತೂರಿನ ವಕೀಲ ಖಾಸಿಂ ರಝ್ವಿ ಕೈಗೆ ಸಂಘಟನೆ ಬಂತು. ಅಷ್ಟು ಹೊತ್ತಿಗೆ ಬ್ರಿಟಿಷರು ಹೊರಡುವುದು ಖಾತ್ರಿಯಾಗಿತ್ತು. ಆಳುವವರು ನಾಳೆ ಆಳಿಸಿಕೊಳ್ಳುವವರಾಗುತ್ತೇವೆ ಎಂಬ ದಿಗಿಲು. ಒಂದು ಕಡೆ ತೆಲಂಗಾಣದಲ್ಲಿ ಕಮ್ಯುನಿಸ್ಟರ ರೈತ ದಂಗೆ. ಇನ್ನೊಂದು ಕಡೆ ದೇಶ ವಿಭಜನೆಯ ರಕ್ತಪಾತದಿಂದ ಓಡಿ ಬಂದ ನಿರಾಶ್ರಿತ ಮುಸ್ಲಿಮರು, ಕಣ್ಣಾರೆ ಕಂಡ ಕಥೆಗಳೊಡನೆ ಹೈದರಾಬಾದಿಗೆ ಬಂದಿಳಿದರು. ರಝ್ವಿಗೆ ಬೇರೆ ಭಾಷಣವೇ ಬೇಕಾಗಿರಲಿಲ್ಲ. ಆದರೂ ಮಾಡಿದರು, ದಿಲ್ಲಿಯ ಕೆಂಪುಕೋಟೆ ಮೇಲೆ ಆಸಫಿಯಾ ಬಾವುಟ ಹಾರಿಸುವ ಮಾತು ಆಡಿದರು ಎಂದು ಆಗಿನ ವರದಿಗಳಿವೆ. ಹುಡುಗರಿಗೆ ಸಮವಸ್ತ್ರ ಸಿಕ್ಕಿತು, ಕವಾಯತು ಸಿಕ್ಕಿತು. ಹೆಚ್ಚಿನದೇನೆಂದರೆ ಸರಕಾರ ಕಣ್ಣುಮುಚ್ಚಿ ಕುಳಿತುಕೊಂಡಿತು. 1930ರ ಸೊಲ್ಲಾಪುರದ ಗುಂಪು ಸರಕಾರದ ವಿರುದ್ಧ ನಿಂತದ್ದು. ರಜಾಕಾರರದು ಹಾಗಲ್ಲ, ಸರಕಾರದ ನೆರಳಲ್ಲಿ ನಿಂತ ಖಾಸಗಿ ಸೈನ್ಯ. ಇಂಥ ಸೈನ್ಯಕ್ಕೆ ಶಿಕ್ಷೆಯ ಭಯ ಇರುವುದಿಲ್ಲ.

ಈಚೆ ಕಡೆಯೂ ಸುಮ್ಮನಿರಲಿಲ್ಲ. ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ ಸೊಲ್ಲಾಪುರ, ಗದಗ, ಬೆಜವಾಡಗಳಲ್ಲಿ ಗಡಿ ಕಚೇರಿ ತೆರೆಯಿತು. ಸಂಸ್ಥೆಯ ಮುಂದಾಳು ಸ್ವಾಮಿ ರಮಾನಂದ ತೀರ್ಥರು ಹುಟ್ಟಿದ್ದು ನಮ್ಮ ಸಿಂದಗಿಯಲ್ಲಿ. ಮುಂಡರಗಿ, ಗಜೇಂದ್ರಗಡದಿಂದ ಹಿಡಿದು ಸೊಲ್ಲಾಪುರ ಜಿಲ್ಲೆಯವರೆಗೆ ಗಡಿಯುದ್ದಕ್ಕೂ ಕ್ಯಾಂಪುಗಳು. ಅಲ್ಲಿಂದ ಯುವಕರು ಗಡಿ ದಾಟಿ ನಾಕೆ, ಪೊಲೀಸ್ ಠಾಣೆಗಳ ಮೇಲೆ ಬೀಳುತ್ತಿದ್ದರು. ನಾಂದೇಡ ಕಡೆಯ ಉಮರಿಯಲ್ಲಿ ಬ್ಯಾಂಕನ್ನೇ ಲೂಟಿ ಮಾಡಿದರು. ಕ್ಯಾಂಪಿನವರು ಒಂದು ಠಾಣೆ ಸುಟ್ಟರೆ ರಜಾಕಾರರು ಒಂದು ಹಳ್ಳಿ ಸುಡುವರು. ಹಳ್ಳಿ ಸುಟ್ಟ ಹೊಗೆ ನೋಡಿ ಕ್ಯಾಂಪಿಗೆ ಇನ್ನಷ್ಟು ಹುಡುಗರು ಬರುವರು. ಇಬ್ಬರ ಗುರಿ ಒಂದೇ ತೂಕದ್ದಲ್ಲ. ಒಂದು ಕಡೆ ಜನರಾಳ್ವಿಕೆಯ ಬೇಡಿಕೆ, ಇನ್ನೊಂದು ಕಡೆ ಜನರಾಳ್ವಿಕೆ ತಡೆಯುವ ಹಟ. ಆದರೆ ಸೇಡು ಸೇಡನ್ನು ಬೆಳೆಸುವ ರೀತಿಯಲ್ಲಿ ವ್ಯತ್ಯಾಸವಿರಲಿಲ್ಲ.

1948ರ ಮೇ ತಿಂಗಳಲ್ಲಿ ಬೀದರ್ ಕಡೆಯ ಗೋರಟಾದಲ್ಲಿ ರಜಾಕಾರರು ಹತ್ಯಾಕಾಂಡ ನಡೆಸಿದರು. ಅದೇ ಮೇ 22ರಂದು ಮದ್ರಾಸ್-ಬಾಂಬೆ ರೈಲು ಗಾಣಗಾಪುರ ನಿಲ್ದಾಣದಲ್ಲಿ ನಿಂತಾಗ ಗುಂಪು ಪ್ರಯಾಣಿಕರ ಮೇಲೆ ಬಿತ್ತು. ಅಕ್ಕಲಕೋಟೆಯಿಂದ ಕೆಲವೇ ನಿಲ್ದಾಣ ದೂರ. ದಿಲ್ಲಿಯಲ್ಲಿ ಪೊಲೀಸ್ ಕ್ರಮದ ಮಾತು ಬಿಸಿಯಾಗಲು ಈ ಘಟನೆ ದೊಡ್ಡ ಕಾರಣವಾಯಿತು. ರೈಲಿನಲ್ಲಿ ಕುಳಿತವರಿಗೂ ಹೈದರಾಬಾದಿನ ರಾಜಕೀಯಕ್ಕೂ ಏನು ಸಂಬಂಧ? ಏನೂ ಇಲ್ಲ. ಭಯೋತ್ಪಾದನೆ ಎಂಬ ಪದ ಸರಿಯಾಗಿ ಕೂರುವುದು ಇಂಥ ಕೃತ್ಯಕ್ಕೆ.

ಇದನ್ನೆಲ್ಲ ವಿರೋಧಿಸಿದ ಮುಸ್ಲಿಮರೂ ಇದ್ದರು. ಅವರ ಹೆಸರು ನಮ್ಮ ಪಾಠಪುಸ್ತಕದಲ್ಲಿ ಸಿಗುವುದು ಕಡಿಮೆ. ಹೈದರಾಬಾದಿನ ‘ಇಮ್ರೋಝ್’ ಉರ್ದು ಪತ್ರಿಕೆಯ ಸಂಪಾದಕ ಶೋಯೆಬುಲ್ಲಾ ಖಾನ್ ರಜಾಕಾರರನ್ನು ಟೀಕಿಸಿ, ಭಾರತಕ್ಕೆ ಸೇರಬೇಕೆಂದು ಬರೆಯುತ್ತಿದ್ದರು. 1948ರ ಆಗಸ್ಟಿನಲ್ಲಿ ರಾತ್ರಿ ಮನೆಗೆ ಮರಳುವಾಗ ಅವರನ್ನು ಗುಂಡಿಕ್ಕಿ, ಬರೆಯುವ ಕೈಯನ್ನೇ ಕಡಿದು ಕೊಂದರು. ಒಂದು ಸಮುದಾಯದೊಳಗೆ ಉಗ್ರವಾದ ಬೆಳೆಯುವಾಗ ಮೊದಲು ಬಾಯಿ ಮುಚ್ಚಿಸುವುದು ಹೊರಗಿನವರದ್ದಲ್ಲ, ಒಳಗಿನಿಂದ ‘ಬೇಡ’ ಎನ್ನುವವರದ್ದು.

ಸೆಪ್ಟೆಂಬರ್ ನಂತರ

ಸೆಪ್ಟೆಂಬರ್ 13ರ ಬೆಳಗಿನ ಜಾವ ಮೇಜರ್ ಜನರಲ್ ಜೆ.ಎನ್. ಚೌಧುರಿ ನೇತೃತ್ವದ ಸೈನ್ಯ ಸೊಲ್ಲಾಪುರದಿಂದಲೇ ಹೊರಟಿತು. ಮೊದಲ ದಿನ ನಳದುರ್ಗ ಬಿತ್ತು. 18ರಂದು ಹೈದರಾಬಾದ್ ಸೈನ್ಯ ಶರಣಾಯಿತು. ಐದು ದಿನದ ಕೆಲಸ. ರಜಾಕಾರರ ಆರ್ಭಟ ಸೈನ್ಯದ ಟ್ಯಾಂಕಿನೆದುರು ನಿಲ್ಲಲಿಲ್ಲ.

ಆಮೇಲೆ ನಡೆದದ್ದು ಬಹುಕಾಲ ಕಪಾಟಿನೊಳಗಿತ್ತು. ಹಳ್ಳಿಗಳಲ್ಲಿ ಮುಸ್ಲಿಮರ ಮೇಲೆ ಸೇಡು ಶುರುವಾಯಿತು. ಕೇಂದ್ರ ಸರಕಾರ ಪಂಡಿತ್ ಸುಂದರಲಾಲ್, ಖಾಝಿ ಅಬ್ದುಲ್ ಗಫಾರ್, ಮೌಲಾನಾ ಅಬ್ದುಲ್ಲಾ ಮಿಸ್ರಿ ಅವರನ್ನು ಕಳಿಸಿತು. ಸಂಸ್ಥಾನದ 16 ಜಿಲ್ಲೆಗಳಲ್ಲಿ 9ನ್ನು ಸುತ್ತಿ ಅವರು ಕೊಟ್ಟ ಅಂದಾಜು: ಕಡಿಮೆಯೆಂದರೂ 27,000ದಿಂದ 40,000 ಜನರ ಸಾವು. ಅತಿಹೆಚ್ಚು ಹಾನಿಯಾದದ್ದು ಉಸ್ಮಾನಾಬಾದ್, ಕಲಬುರಗಿ, ಬೀದರ್, ನಾಂದೇಡ ಜಿಲ್ಲೆಗಳಲ್ಲಿ. ಉಸ್ಮಾನಾಬಾದ್ ಸೊಲ್ಲಾಪುರಕ್ಕೆ ಅಂಟಿಕೊಂಡ ಜಿಲ್ಲೆ, ಕಲಬುರಗಿ ಅಕ್ಕಲಕೋಟೆಗೆ. ಸೊಲ್ಲಾಪುರ ಮತ್ತು ಇತರ ಊರುಗಳಿಂದ ಬಂದ, ತರಬೇತಿ ಪಡೆದ ಸಶಸ್ತ್ರ ಕೋಮುವಾದಿ ಗುಂಪುಗಳು ಈ ದಾಳಿಗಳಲ್ಲಿ ಭಾಗವಹಿಸಿದ್ದಕ್ಕೆ, ಕೆಲವೆಡೆ ಮುಂದೆ ನಿಂತು ನಡೆಸಿದ್ದಕ್ಕೆ ಸ್ಪಷ್ಟ ಸೂಚನೆಗಳಿವೆ ಎಂದೂ ವರದಿ ಹೇಳಿತು. ಹದಿನೆಂಟು ವರ್ಷ ಹಿಂದೆ ಹಿಂದೂ ಮುಸ್ಲಿಂ ಒಟ್ಟಿಗೆ ಗೋಲಿಬಾರಿಗೆ ಎದೆಕೊಟ್ಟ ಅದೇ ಊರಿನಿಂದ.

ವರದಿ ದಶಕಗಳ ಕಾಲ ಪ್ರಕಟವಾಗಲಿಲ್ಲ. ಸತ್ತವರ ಮನೆಯವರಿಗೆ ‘ನಿಮಗೆ ಅನ್ಯಾಯವಾಗಿದೆ’ ಎಂದು ಹೇಳುವವರೂ ಇರಲಿಲ್ಲ. ರಝ್ವಿ ಜೈಲಿಗೆ ಹೋಗಿ, 1957ರಲ್ಲಿ ಬಿಡುಗಡೆಯಾಗಿ ಪಾಕಿಸ್ತಾನ ಸೇರಿಕೊಂಡರು. ಭಾಷಣ ಮಾಡಿದವರು ಹೋದರು, ಹೊಲದಲ್ಲಿದ್ದವರು ಉಳಿದರು.

ಅದೇ ವರದಿಯಲ್ಲಿ ಇನ್ನೊಂದು ಸಂಗತಿಯೂ ಇದೆ. ಮುಸ್ಲಿಂ ನೇಕಾರರನ್ನು ಉಳಿಸಲು ಹಿಂದೂ ನೇಕಾರರು ಅಡ್ಡ ನಿಂತದ್ದು, ಅದಕ್ಕಾಗಿ ಪ್ರಾಣ ಕೊಟ್ಟವರೂ ಇದ್ದದ್ದು ಸಮಿತಿಯ ಗಮನಕ್ಕೆ ಬಂತು. ಮಗ್ಗದ ಕಸುಬಿನ ನಂಟು ಅಷ್ಟರ ಮಟ್ಟಿಗೆ ತಡೆದುಕೊಂಡಿತ್ತು.

ಸಂಶೋಧಕರು ಏನು ಹೇಳುತ್ತಾರೆ

ಬಡತನದಿಂದಲೇ ಭಯೋತ್ಪಾದನೆ ಎಂಬುದು ಅರ್ಧಸತ್ಯ. ಅಮೆರಿಕದ ಅರ್ಥಶಾಸ್ತ್ರಜ್ಞ ಅಲನ್ ಕ್ರೂಗರ್ ಮತ್ತು ಯಿಟ್ಕಾ ಮಾಲೆಚ್ಕೋವಾ 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಲೆಬನಾನಿನ ಹಿಝ್ಬುಲ್ಲಾದ ಸತ್ತ ಸದಸ್ಯರು ಅಲ್ಲಿನ ಸಾಮಾನ್ಯರಿಗಿಂತ ಬಡವರೂ ಅಲ್ಲ, ಅನಕ್ಷರಸ್ಥರೂ ಅಲ್ಲ ಎಂದು ತೋರಿಸಿದರು. ರಝ್ವಿ ವಕೀಲ, ಕುರ್ಬಾನ್ ಹುಸೇನ್ ಪತ್ರಕರ್ತ. ಟೆಡ್ ಗರ್ 1970ರಲ್ಲೇ ಹೇಳಿದ್ದು ಹೆಚ್ಚು ಹೊಂದುತ್ತದೆ: ಎಷ್ಟು ಇಲ್ಲ ಎನ್ನುವುದಕ್ಕಿಂತ, ತನಗೆ ಸಲ್ಲಬೇಕಾದದ್ದು ಸಿಗಲಿಲ್ಲ ಎಂಬ ಭಾವನೆ ಮನುಷ್ಯನನ್ನು ದಂಗೆಗೆ ಎಬ್ಬಿಸುತ್ತದೆ. ಹೈದರಾಬಾದಿನಲ್ಲಿ ಅದು ಇನ್ನೂ ಒಂದು ಹೆಜ್ಜೆ ಮುಂದೆ. ಇದ್ದದ್ದು ಕೈಬಿಡುತ್ತದೆ ಎಂಬ ಭಯ.

ಮಾರ್ಕ್ ಸೇಜ್‌ಮನ್ ಎಂಬ ಮನೋವೈದ್ಯ 172 ಮಂದಿ ಉಗ್ರರ ಬದುಕು ಅಧ್ಯಯನ ಮಾಡಿ 2004ರಲ್ಲಿ ಬರೆದ ಪುಸ್ತಕ ಬೇರೆ ಕೋನದ್ದು. ಹೆಚ್ಚಿನವರು ಗುಂಪಿಗೆ ಸೇರಿದ್ದು ಗೆಳೆಯರ ಮೂಲಕ, ನೆಂಟರ ಮೂಲಕ. ಸಿದ್ಧಾಂತ ಆಮೇಲೆ ಬರುತ್ತದೆ, ದೋಸ್ತಿ ಮೊದಲು. ಹುಡುಗ ಯಾವ ಪುಸ್ತಕ ಓದುತ್ತಾನೆ ಎಂದು ನೋಡುವ ತಂದೆ ತಾಯಿ, ರಾತ್ರಿ ಯಾರ ಬೈಕ್ ಹಿಂದೆ ಕೂರುತ್ತಾನೆ ಎಂದೂ ನೋಡಬೇಕಾಗುತ್ತದೆ. ಈಗ ಬೈಕಿನ ಜಾಗಕ್ಕೆ ಮೊಬೈಲ್ ಗ್ರೂಪು ಬಂದಿದೆ.

ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮ ಆಫ್ರಿಕಾದಲ್ಲಿ ಉಗ್ರ ಗುಂಪುಗಳಿಗೆ ತಾವಾಗಿ ಸೇರಿದ್ದವರನ್ನೇ ಮಾತಾಡಿಸಿ 2017ರಲ್ಲಿ ವರದಿ ಕೊಟ್ಟಿತು. ಕೊನೆಯ ದೂಡುವಿಕೆ ಯಾವುದು ಎಂದು ಕೇಳಿದಾಗ 71 ಶೇಕಡಾ ಜನ ಹೇಳಿದ್ದು ಸರಕಾರದ ಕ್ರಮ: ಮನೆಯವರನ್ನೋ ಗೆಳೆಯನನ್ನೋ ಕೊಂದದ್ದು, ಬಂಧಿಸಿದ್ದು ಇತ್ಯಾದಿ. 57 ಶೇಕಡಾ ಜನ ತಮ್ಮ ಧರ್ಮಗ್ರಂಥ ಅರ್ಥವಾಗುವುದು ಅಷ್ಟಕ್ಕಷ್ಟೇ ಅಥವಾ ಇಲ್ಲವೇ ಇಲ್ಲ ಎಂದು ಒಪ್ಪಿಕೊಂಡರು. ಕನಿಷ್ಠ ಆರು ವರ್ಷ ಧಾರ್ಮಿಕ ಶಿಕ್ಷಣ ಪಡೆದವರು ಇಂಥ ಗುಂಪು ಸೇರುವ ಸಾಧ್ಯತೆ ಕಡಿಮೆ ಎಂದೂ ಅದೇ ವರದಿ ಹೇಳುತ್ತದೆ. ಮದ್ರಸಗಳ ಬಗ್ಗೆ ಮಾತಾಡುವವರು ಈ ಭಾಗವನ್ನು ಯಾಕೋ ಓದುವುದಿಲ್ಲ.

ಮತ್ತೆ ಸೊಲ್ಲಾಪುರ

2002ರ ಅಕ್ಟೋಬರಿನಲ್ಲಿ ಅಮೆರಿಕದ ಪಾದ್ರಿ ಜೆರ್ರಿ ಫಾಲ್ವೆಲ್ ಟಿವಿ ಸಂದರ್ಶನವೊಂದರಲ್ಲಿ ಪ್ರವಾದಿಯವರನ್ನು ಭಯೋತ್ಪಾದಕ ಎಂದು ಕರೆದ. ಅದನ್ನು ಖಂಡಿಸಿ ಸೊಲ್ಲಾಪುರದಲ್ಲಿ ಬಂದ್ ನಡೆಯಿತು. ಬಂದ್ ಕಲ್ಲುತೂರಾಟವಾಗಿ, ಕೋಮುಗಲಭೆಯಾಗಿ, ಗೋಲಿಬಾರಾಗಿ ಹಲವು ಜೀವ ಹೋದವು. ಎಲ್ಲೋ ಅಟ್ಲಾಂಟಿಕ್ ಆಚೆ ಒಬ್ಬ ಬಾಯಿ ಬಿಟ್ಟದ್ದಕ್ಕೆ ಸತ್ತದ್ದು ಸೊಲ್ಲಾಪುರದವರು. ನೋವಾಗುವುದು ಸಹಜ. ಆದರೆ ಆ ನೋವನ್ನು ಬೀದಿಗೆ ತಂದು ನಿಲ್ಲಿಸಿದ ಮೇಲೆ ಅದು ಯಾರ ಕೈಯಲ್ಲೂ ಇರಲಿಲ್ಲ. 1930ರ ಮೇ 8ರ ಮಧ್ಯಾಹ್ನ ಆದದ್ದೂ ಅದೇ.

ಮಹಾರಾಷ್ಟ್ರದ ಮಟ್ಟಿಗೆ ಇನ್ನೊಂದು ಗಾಯ ಇದೆ. 2006ರ ಜುಲೈ 11ರ ಮುಂಬೈ ಲೋಕಲ್ ರೈಲು ಸ್ಫೋಟದಲ್ಲಿ 180ಕ್ಕೂ ಹೆಚ್ಚು ಜನ ಸತ್ತರು. ಶಿಕ್ಷೆಯಾಗಿದ್ದ 12 ಮಂದಿಯನ್ನು ಬಾಂಬೆ ಹೈಕೋರ್ಟ್ 2025ರ ಜುಲೈ 21ರಂದು ಖುಲಾಸೆ ಮಾಡಿತು. ತೀರ್ಪನ್ನು ಬೇರೆ ಮೊಕದ್ದಮೆಗಳಿಗೆ ಮಾದರಿಯಾಗಿ ಬಳಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ ತಡೆ ಕೊಟ್ಟಿತಾದರೂ, ಅವರನ್ನು ಮತ್ತೆ ಜೈಲಿಗೆ ಕಳಿಸಲಿಲ್ಲ. ಅದೇ 2006ರ ಮಾಲೇಗಾಂವ್ ಸ್ಫೋಟದಲ್ಲಿ ಮೊದಲು ಹಿಡಿದ ಮುಸ್ಲಿಂ ಯುವಕರನ್ನು 2016ರಲ್ಲಿ ಕೋರ್ಟ್ ಪ್ರಕರಣದಿಂದ ಕೈಬಿಟ್ಟಿತು. ಹೀಗಾದಾಗ ಎರಡು ಕಡೆ ಅನ್ಯಾಯ. ರೈಲಿನಲ್ಲಿ ಸತ್ತವರ ಮನೆಯವರಿಗೆ ಕೊಂದವರು ಯಾರೆಂದು ಇಂದಿಗೂ ತಿಳಿಯಲಿಲ್ಲ. ಜೈಲಿನಲ್ಲಿ ಯೌವನ ಕಳೆದವನ ತಮ್ಮನಿಗೆ ಕಾನೂನಿನ ಮೇಲೆ ಏನು ಭರವಸೆ ಉಳಿದೀತು? ಆಫ್ರಿಕಾದ ಆ 71 ಶೇಕಡಾ ಹುಟ್ಟುವುದು ಇಂಥ ಕಡೆ. ಇಲ್ಲಿ ಆ ತಮ್ಮಂದಿರಲ್ಲಿ ಬಹುಪಾಲು ಜನ ಬಂದೂಕು ಹಿಡಿಯದೆ ವಕೀಲರನ್ನು ಹಿಡಿದರು, ವರ್ಷಗಟ್ಟಲೆ ಕೋರ್ಟಿಗೆ ಅಲೆದರು. ಆ ಸುದ್ದಿ ದೊಡ್ಡದಾಗುವುದಿಲ್ಲ.

ಸೊಲ್ಲಾಪುರದ ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಸಾವಿರಾರು ಮಂದಿ ಬೀದಿಗೆ ಬಿದ್ದರು. ಸಿದ್ಧಾಂತದ ಪ್ರಕಾರ ಊರು ಹೊತ್ತಿ ಉರಿಯಬೇಕಿತ್ತು. ಗಂಡಸರ ಕೆಲಸ ಹೋದ ಮನೆಗಳನ್ನು ಹೆಂಗಸರು ಬೀಡಿ ಕಟ್ಟಿ ನಡೆಸಿದರು. ಮಂಗಳೂರು ಕಡೆಯ ಬ್ಯಾರಿ ಮನೆಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಎಲೆ ಕತ್ತರಿಸಿ, ಹೊಗೆಸೊಪ್ಪು ತುಂಬಿ, ಸಂಜೆ ಬ್ರಾಂಚಿಗೆ ಲೆಕ್ಕ ಕೊಟ್ಟು ಬರುವ ಆ ಬದುಕು ಇಲ್ಲಿಯೂ ಒಂದೇ, ಅಲ್ಲಿಯೂ ಒಂದೇ. ಸೊಲ್ಲಾಪುರದಲ್ಲಿ ಈ ತೆಲುಗು, ಮುಸ್ಲಿಂ, ಕನ್ನಡ, ಮರಾಠಿ ಹೆಂಗಸರನ್ನು ಕಮ್ಯುನಿಸ್ಟ್ ನಾಯಕ ನರಸಯ್ಯ ಆಡಂ ಒಂದೇ ಸಂಘದಡಿ ತಂದರು. ಆಡಂ ಮೂರು ಸಲ ಶಾಸಕರೂ ಆದರು. ಅವರ ಪಕ್ಷವೂ ತೀವ್ರಗಾಮಿಯೇ, ವ್ಯವಸ್ಥೆ ಬದಲಾಗಬೇಕು ಎನ್ನುವುದೇ. ಆದರೆ ಸಿಟ್ಟಿಗೊಂದು ಅರ್ಜಿ ಇತ್ತು, ಮೋರ್ಚಾ ಇತ್ತು, ಕೊನೆಗೆ ಕೈಗೆ ಸಿಗುವ ಒಂದು ವಸ್ತು ಇತ್ತು: ಮನೆ.

ಸೊಲ್ಲಾಪುರದಿಂದ ಅಕ್ಕಲಕೋಟೆಗೆ ಹೋಗುವ ರಸ್ತೆಯಲ್ಲಿ ಕುಂಭಾರಿ ಎಂಬ ಊರಿದೆ. ಅಲ್ಲಿ ಬೀಡಿ ಕಾರ್ಮಿಕರ ಸಹಕಾರ ಸಂಘ ಗೋದೂತಾಯಿ ಪರುಳೇಕರ್ ಹೆಸರಲ್ಲಿ 10,000 ಮನೆಗಳ ಬಡಾವಣೆ ಕಟ್ಟಿತು. ಅದರ ಬೆನ್ನಿಗೆ ರೇ ನಗರದಲ್ಲಿ 30,000 ಮನೆಗಳ ಯೋಜನೆ ಬಂತು, 2024ರ ಜನವರಿಯಲ್ಲಿ ಅದರ 15,000 ಮನೆಗಳ ಬೀಗದ ಕೈಯನ್ನು ಪ್ರಧಾನಿ ಬಂದು ಕೊಟ್ಟರು. ಮನೆ ಪಡೆದವರಲ್ಲಿ ಬೀಡಿ ಕಟ್ಟುವವರು, ಕೈಮಗ್ಗ ಮತ್ತು ಪವರ್‌ಲೂಮಿನವರು, ಚಿಂದಿ ಆಯುವವರು, ಚಾಲಕರು ಇದ್ದಾರೆ.